ಡಬ್ಬಾ ಟಿವಿಯ ಬಾವಲಿಗಳು

ಆ ಮನೆಯ ಅಣ್ಣತಮ್ಮಂದಿರು ಆಸ್ತಿಗಾಗಿ ಎಂದೂ ಜಗಳವಾಡಿದವರಲ್ಲ. ಆಸ್ತಿ ಅನ್ನುವುದು ಇದ್ದರೆ ತಾನೇ ಜಗಳ? ಅವರು ಕಚ್ಚಾಡುತ್ತಿದ್ದದ್ದು ಒಂದೇ ವಿಷಯಕ್ಕೆ, ಹಳೆಯ ವಿಡಿಯೋ ಗೇಮನ್ನು ಹೇಗೆ ಆಡಬೇಕು ಅನ್ನುವುದಕ್ಕೆ. ಇಬ್ಬರಿಗೂ ಮೀಸೆ ಬಂದು ಎಷ್ಟೋ ಕಾಲವಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಅಣ್ಣ ಲಿಫ್ಟ್ ಮೆಕ್ಯಾನಿಕ್. ಮೀಸೆ ಬಂದಷ್ಟೇ ಬೇಗ ತಲೆಗೂದಲು ಹೋಗಿ, ತಲೆ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ತಮ್ಮ ಝೆರಾಕ್ಸ್ ಯಂತ್ರ ರಿಪೇರಿ ಮಾಡುವವನು. ಹುಟ್ಟಿದಾಗ ಅಂಗೈಯಷ್ಟಿದ್ದ ಅಂತ ಇಟ್ಟ ‘ಪುಟಾಣಿ’ ಎಂಬ ಹೆಸರು, ಈಗ ಅವನು ಬಾಗಿಲಿಗೆ ಅಡ್ಡ ನಿಂತರೆ ಕೋಣೆಗೆ ಬೆಳಕು ಬಾರದಷ್ಟು ಬೆಳೆದಿದ್ದರೂ ಅವನನ್ನು ಬಿಟ್ಟಿರಲಿಲ್ಲ.

ಅಣ್ಣನದು ಅಸಲಿ ಯಂತ್ರದ ಪಕ್ಷ. ಚಿಕ್ಕಂದಿನಲ್ಲಿ ಅಪ್ಪ ತಂದುಕೊಟ್ಟ ಆಟದ ಪೆಟ್ಟಿಗೆ, ಅದರ ಕ್ಯಾಸೆಟ್ಟು, ಉದ್ದ ವೈರಿನ ಪ್ಲಾಸ್ಟಿಕ್ ಪಿಸ್ತೂಲು, ಜೊತೆಗೆ ಬೆನ್ನಿಗೆ ಗೂನು ಬಂದಂತಿದ್ದ ಡಬ್ಬಾ ಟಿವಿ, ಇಷ್ಟನ್ನೂ ಅವನು ನಡುಮನೆಯ ಮೂಲೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ. ಬೇರೆ ಯಾರಾದರೂ ಅದರ ಧೂಳು ಒರೆಸಿದರೂ ಅವನಿಗೆ ಸಿಟ್ಟು. ಪುಟಾಣಿಯದು ಲ್ಯಾಪ್‌ಟಾಪ್ ಪಕ್ಷ. ಅದರಲ್ಲಿ ಎಮ್ಯುಲೇಟರ್ ಅಂತ ಒಂದನ್ನು ಹಾಕಿಕೊಂಡಿದ್ದ. ಹೊಸ ಕಂಪ್ಯೂಟರಿಗೆ ಹಳೆಯ ಯಂತ್ರದ ವೇಷ ತೊಡಿಸುವ ವಿದ್ಯೆ ಅದು. ಒಮ್ಮೆ ವೇಷ ತೊಟ್ಟರೆ ಆ ಕಾಲದ ಯಾವ ಆಟ ಕೇಳಿದರೂ ಆಡಿಸುತ್ತದೆ.

“ಎಲ್ಲಾ ಆಟಾನೂ ಇದರಲ್ಲೇ ಇದೆ. ಸತ್ರೆ ಎಲ್ಲಿ ಸತ್ತೆವೋ ಅಲ್ಲಿಂದಲೇ ಮತ್ತೆ ಶುರು ಮಾಡ್ಬಹುದು. ಆ ಗುಜರಿನ ಯಾಕಣ್ಣ ಕಟ್ಕೊಂಡು ಕೂತಿದೀಯ?” ಅನ್ನುತ್ತಿದ್ದ ಪುಟಾಣಿ.

“ಸತ್ತವನು ಎದ್ದು ಬಂದು ಗೆದ್ದೆ ಅಂದ್ರೆ ಅದು ಆಟ ಅಲ್ಲ ಕಣೋ, ಕಳ್ಳಾಟ,” ಅನ್ನುತ್ತಿದ್ದ ಅಣ್ಣ.

ಇಬ್ಬರ ನಡುವೆ ಅತ್ತಿಗೆ ಯಾವ ಪಕ್ಷಕ್ಕೂ ಸೇರದೆ, “ಇಬ್ರೂ ಆಡಿದ್ದು ಸಾಕು, ತಟ್ಟೆ ತೊಳೀರಿ,” ಅನ್ನುತ್ತಿದ್ದಳು. ಅವಳು ಪೇಟೆ ಬೀದಿಯ ಸಲೂನಿನಲ್ಲಿ ಕೂದಲು ಕತ್ತರಿಸುವವಳು. ಅಲ್ಲಿನ ಕುರ್ಚಿಗಳಲ್ಲಿ ಕಿಟಕಿ ಪಕ್ಕದ್ದು ಅವಳದು. ಬೇರೆ ಕುರ್ಚಿಗಳು ಖಾಲಿ ಬಿದ್ದಿದ್ದರೂ ಜನ ಬೆಂಚಿನ ಮೇಲೆ ಕೂತು ಕಾಯುತ್ತಿದ್ದದ್ದು ಆ ಕುರ್ಚಿಗೇ. ಕತ್ತರಿ ಹಿಡಿದರೆ ಅವಳ ಕೈ ಗಾಳಿಯಲ್ಲಿ ತೇಲಿದಂತೆ ಓಡಾಡುತ್ತಿತ್ತು. ಅವಳು ಈ ಮನೆಗೆ ಬಂದ ಮೇಲೆ ಪುಟಾಣಿ ತನ್ನ ತಲೆಯನ್ನು ಬೇರೆ ಯಾರ ಕೈಗೂ ಕೊಟ್ಟವನಲ್ಲ. ಅತ್ತಿಗೆಯ ವಿಷಯದಲ್ಲಿ ಅವನಿಗಿದ್ದದ್ದು ಭಕ್ತಿಯೇ ಅಂದರೂ ತಪ್ಪಿಲ್ಲ, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ.

ಅಂಥ ಅತ್ತಿಗೆ ಸಲೂನಿನ ಹಿಂಬಾಗಿಲ ಮೆಟ್ಟಿಲ ಮೇಲೆ ಸಾಬೂನು ನೀರಿಗೆ ಕಾಲು ಜಾರಿ ಬಿದ್ದಳು. ಬಲಭುಜದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಮೂಳೆ ಕೂಡಿಕೊಂಡಿತು. ಆದರೆ ಕೈ ಎದೆಯಿಂದ ಮೇಲೆ ಏಳಲಿಲ್ಲ. ಕೂದಲು ಕತ್ತರಿಸುವವರ ಕಸುಬೆಲ್ಲ ಎದೆಯಿಂದ ಮೇಲೆಯೇ ಇರುವುದು. ಕೈ ಎತ್ತಲಾರದಿದ್ದರೆ ನೆಲ ಗುಡಿಸಬಹುದು, ಟವೆಲು ಮಡಚಬಹುದು, ಮತ್ತೇನೂ ಇಲ್ಲ.

ಸಲೂನಿನ ಯಜಮಾನಿ ಕೆಟ್ಟವಳಲ್ಲ. ಮನೆಗೆ ಬಂದು ಹಣ್ಣು ಕೊಟ್ಟು, ಸ್ವಲ್ಪ ಹೊತ್ತು ಗೋಡೆ ನೋಡಿ, ಕೊನೆಗೆ ಹೇಳಿದಳು. “ಈ ತಿಂಗಳು ಮುಗಿಯೋವರೆಗೂ ಆ ಕುರ್ಚಿಗೆ ಯಾರನ್ನೂ ಹಾಕಲ್ಲ. ಆಮೇಲೆ ನನ್ನ ಕೈಲೂ ಆಗಲ್ಲ ಕಣಮ್ಮ. ನಿನ್ನ ಗಿರಾಕಿಗಳು ಬಂದು ನೋಡಿ ವಾಪಸ್ ಹೋಗ್ತಿದಾರೆ. ಬಂದು ಒಂದು ತಲೆ ಪೂರ್ತಿ ಮಾಡಿ ತೋರಿಸು, ಕುರ್ಚಿ ನಿಂದೇ.”

ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಒಂದು ಕೆಲಸ ಕೊಟ್ಟಿದ್ದಳು. ಗೋಡೆಯ ಎದುರು ನಿಂತು, ಬೆರಳುಗಳನ್ನು ಜೇಡ ಹತ್ತಿದಂತೆ ಮೇಲಕ್ಕೆ ಹತ್ತಿಸಬೇಕು. ಎಲ್ಲಿಯವರೆಗೆ ಹತ್ತಿತು ಅಂತ ಅಣ್ಣ ಗೋಡೆಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದ. ಗೆರೆ ಇದ್ದಲ್ಲೇ ಇತ್ತು. ಅತ್ತಿಗೆ ಹಲ್ಲು ಕಚ್ಚಿ ಹತ್ತಿಸುತ್ತಿದ್ದಳು, ಕಣ್ಣಲ್ಲಿ ನೀರು ತುಂಬುತ್ತಿತ್ತು, ಕೈ ಕೆಳಗೆ ಬೀಳುತ್ತಿತ್ತು. ಒಂದು ದಿನ ಗೋಡೆಯ ಹತ್ತಿರ ಹೋಗುವುದನ್ನೇ ನಿಲ್ಲಿಸಿ ಕಿಟಕಿಯ ಬಳಿ ಕೂತುಬಿಟ್ಟಳು. ಯಾರು ಏನು ಕೇಳಿದರೂ ತುಟಿ ಪಿಟಕ್ಕೆನ್ನಲಿಲ್ಲ. ಸದಾ ಇಬ್ಬರ ಕಿವಿ ಹಿಂಡುತ್ತಿದ್ದವಳು ಸುಮ್ಮನಾದರೆ ಮನೆ ಎಷ್ಟು ದೊಡ್ಡದಾಗಿಬಿಡುತ್ತದೆ ಅನ್ನುವುದು ಅಣ್ಣತಮ್ಮಂದಿರಿಗೆ ಆಗ ತಿಳಿಯಿತು.

ಆಗಲೇ ಅಣ್ಣ ಡಬ್ಬಾ ಟಿವಿ ಹಚ್ಚಿ, ಪಿಸ್ತೂಲನ್ನು ತಂದು ಅವಳ ಮಡಿಲಿಗೆ ಹಾಕಿದ್ದು.

“ಗೋಡೆ ಹತ್ತೋದು ಬೇಡ. ಬಾವಲಿ ಹೊಡಿ.”

“ನಿಮಗೇನು ತಲೆ ಕೆಟ್ಟಿದೆಯೇನ್ರೀ?”

“ಕೂದಲು ಕೆಟ್ಟಿತ್ತು, ಹೋಯ್ತು. ತಲೆ ನೆಟ್ಟಗಿದೆ. ಎದ್ದು ನಿಂತ್ಕೊ.”

ಆಟ ತೀರಾ ಸರಳ. ಒಂದು ಹಳೆಯ ಗಡಿಯಾರದ ಗೋಪುರ. ಅದರ ಕಿಂಡಿಗಳಿಂದ ಬಾವಲಿಗಳು ಹೊರಬೀಳುತ್ತವೆ, ಹೊಡೆಯಬೇಕು. ತಪ್ಪಿದರೆ ಕೆಳಗೊಬ್ಬ ದಪ್ಪ ಹೊಟ್ಟೆಯ ಕಾವಲುಗಾರ ಬಂದು ‘ಇದು ನಿನ್ನ ಕೈಲಿ ಆಗುವ ಕೆಲಸವಲ್ಲ’ ಅನ್ನುವ ಹಾಗೆ ತಲೆ ಅಲ್ಲಾಡಿಸಿ ಹೋಗುತ್ತಾನೆ. ಮೊದಲ ದಿನ ಅತ್ತಿಗೆ ಬಲಗೈಗೆ ಎಡಗೈ ಆಸರೆ ಕೊಟ್ಟು, ಹೊಟ್ಟೆಯ ಮಟ್ಟದಿಂದಲೇ ಹೊಡೆದಳು. ಕಾವಲುಗಾರ ಬಂದ. ಮತ್ತೆ ಹೊಡೆದಳು. ಮತ್ತೆ ಬಂದ.

“ಇವನ್ಯಾವನು ನನ್ನ ನೋಡಿ ತಲೆ ಅಲ್ಲಾಡಿಸೋಕೆ?” ಅಂದಳು ಅತ್ತಿಗೆ. ಅದು ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಬಂದ ಸಿಟ್ಟಿನ ಮಾತು. ಅಣ್ಣ ಮುಖ ಆ ಕಡೆ ತಿರುಗಿಸಿ ನಕ್ಕ.

ಪುಟಾಣಿ ಸುಮ್ಮನಿರುವ ಗಿರಾಕಿಯೇ? ಮಾರನೆಯ ದಿನವೇ ಲ್ಯಾಪ್‌ಟಾಪ್ ತಂದು ಸೋಫಾದ ಮೇಲಿಟ್ಟ. ಅದೇ ಆಟ, ಅದೇ ಗೋಪುರ, ಅದೇ ಕಾವಲುಗಾರ. “ನಿಂತು ಯಾಕೆ ಒದ್ದಾಡ್ತೀರಾ ಅತ್ತಿಗೆ? ಮೌಸ್ ಹಿಡ್ಕೊಂಡು ಆರಾಮಾಗಿ ಹೊಡೀರಿ.” ಅತ್ತಿಗೆ ದಿಂಬಿನ ಮೇಲೆ ಕೈಯಿಟ್ಟು, ಬೆರಳಲ್ಲೇ ಮೌಸ್ ಆಡಿಸಿ, ಬಾವಲಿಗಳನ್ನು ಸಾಲು ಸಾಲಾಗಿ ಉರುಳಿಸಿದಳು. ಪುಟಾಣಿ ಎದೆಯುಬ್ಬಿಸಿ ಅಣ್ಣನ ಕಡೆ ನೋಡಿದ.

“ಕೈ ಎಲ್ಲಿತ್ತೋ?” ಅಂದ ಅಣ್ಣ.

ಕೈ ದಿಂಬಿನ ಮೇಲಿತ್ತು. ಪುಟಾಣಿ ಲ್ಯಾಪ್‌ಟಾಪ್ ಮಡಚಿಕೊಂಡು ಹೋದ.

ಅಂದಿನಿಂದ ಅತ್ತಿಗೆ ಡಬ್ಬಾ ಟಿವಿಯ ಮುಂದೆಯೇ ನಿಂತಳು. ಬೆಳಿಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು. ಮೊದಲು ಎಡಗೈಯ ಆಸರೆ ಬೇಡವಾಯಿತು. ಆಮೇಲೆ ಪಿಸ್ತೂಲು ಎದೆಯ ಮಟ್ಟಕ್ಕೆ ಬಂತು. ನೋವಿಗೆ ಮೇಲಿನ ತುಟಿಯ ಮೇಲೆ ಬೆವರು ಮೂಡುತ್ತಿತ್ತು, ಆದರೂ ಬಾವಲಿ ಮೇಲಕ್ಕೆ ಹಾರಿದರೆ ಕೈಯೂ ಅದರ ಹಿಂದೆ ಮೇಲೆ ಹೋಗಲೇಬೇಕಿತ್ತು. ಗೋಡೆಗೆ ಅವಳನ್ನು ಮೇಲೆ ಕರೆಯಲು ಬರುತ್ತಿರಲಿಲ್ಲ, ಬಾವಲಿಗೆ ಬರುತ್ತಿತ್ತು. ಪುಟಾಣಿ ಪೇಪರ್ ಓದುವ ನೆಪದಲ್ಲಿ ಕದ್ದು ನೋಡುತ್ತಿದ್ದ. ಅವನಿಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಆ ಪಿಸ್ತೂಲಿನ ಒಳಗುಟ್ಟು ಅವನಿಗೆ ಚೆನ್ನಾಗಿ ಗೊತ್ತು, ಮತ್ತು ಒಳಗೊಳಗೇ ಅದಕ್ಕೆ ತಲೆದೂಗುತ್ತಿದ್ದ. ಪಿಸ್ತೂಲಿನಿಂದ ಟಿವಿಗೆ ಏನೂ ಹೋಗುವುದಿಲ್ಲ, ಟಿವಿಯ ಬೆಳಕೇ ಪಿಸ್ತೂಲಿನೊಳಗೆ ಬರುತ್ತದೆ. ಟ್ರಿಗರ್ ಒತ್ತಿದ ಕೂಡಲೇ ಪರದೆಯೆಲ್ಲ ಕಣ್ಣಿಗೆ ಗೊತ್ತೇ ಆಗದಷ್ಟು ಹೊತ್ತು ಕಪ್ಪಾಗಿ, ಬಾವಲಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮೂಡಿ ಮಾಯವಾಗುತ್ತದೆ. ಪಿಸ್ತೂಲಿನ ಮೂತಿಯೊಳಗಿನ ಕಣ್ಣಿಗೆ ಆ ಬಿಳಿ ಕಂಡರೆ ಬಾವಲಿ ಬಿತ್ತು, ಇಲ್ಲದಿದ್ದರೆ ಇಲ್ಲ. ಡಬ್ಬಾ ಟಿವಿ ಬಂದ ಚಿತ್ರವನ್ನು ಬಂದ ಹಾಗೇ ತೋರಿಸುವುದರಿಂದ ಈ ಲೆಕ್ಕ ಕೂಡಿಬರುತ್ತದೆ. ಹೊಸ ಚಪ್ಪಟೆ ಟಿವಿಗಳು ಹಾಗಲ್ಲ. ಬಂದ ಚಿತ್ರವನ್ನು ಒಳಗೆ ಕೂರಿಸಿಕೊಂಡು, ಸಿಂಗಾರ ಮಾಡಿ, ಆಮೇಲೆ ಹೊರಗೆ ಕಳಿಸುತ್ತವೆ. ಅಷ್ಟರಲ್ಲಿ ಪಿಸ್ತೂಲಿನ ಕಣ್ಣು ಮುಚ್ಚಿರುತ್ತದೆ.

ತಿಂಗಳು ಮುಕ್ಕಾಲು ಕಳೆಯುವ ಹೊತ್ತಿಗೆ ಅತ್ತಿಗೆಯ ಕೈ ಕಣ್ಣಿನ ಮಟ್ಟಕ್ಕೆ ಏರಿತ್ತು. ಕಾವಲುಗಾರ ಅಪರೂಪದ ನೆಂಟನಾಗಿದ್ದ. ಆಗಲೇ ಡಬ್ಬಾ ಟಿವಿ ಕೈಕೊಟ್ಟಿತು. ಒಂದು ಸಂಜೆ ಸುಟ್ಟ ವಾಸನೆ ಬಂತು, ಚಿತ್ರವೆಲ್ಲ ಕುಗ್ಗಿ ನಡುವೆ ಒಂದು ಗೆರೆಯಾಯಿತು, ಗೆರೆ ಚುಕ್ಕಿಯಾಯಿತು, ಚುಕ್ಕಿಯೂ ಆರಿತು. ಅಣ್ಣ ಹಿಂದಿನ ಮುಚ್ಚಳ ಬಿಚ್ಚಿ, ಟಾರ್ಚು ಹಿಡಿದು ನೋಡಿ, ಸತ್ತವರ ಮನೆಯಲ್ಲಿ ಕೂತಂತೆ ಕೂತ. ಆ ಭಾಗ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಪುಟಾಣಿಗೆ ಪಾಪ ಅನ್ನಿಸಿತು, ಇಲ್ಲವೆನ್ನುವುದಿಲ್ಲ. ಆದರೆ ತನ್ನ ಸರದಿ ಬಂತು ಅಂತಲೂ ಅನ್ನಿಸಿತು. ಎಮ್ಯುಲೇಟರಿಗೆ ಹೊಂದುವ ಹೊಸ ನಮೂನೆಯ ಪಿಸ್ತೂಲು ಬಂದಿರುವುದು ಅವನಿಗೆ ಗೊತ್ತಿತ್ತು. ಅದರ ಮೂತಿಯಲ್ಲೊಂದು ಕ್ಯಾಮೆರಾ ಇರುತ್ತದೆ, ಅದು ಟಿವಿಯ ಅಂಚು ನೋಡಿಕೊಂಡು ತಾನು ಎತ್ತ ಮುಖ ಮಾಡಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ಬಿಳಿ ಚೌಕದ ಹಂಗೇ ಇಲ್ಲ. ಜೊತೆಯ ರಿಪೇರಿಯವನೊಬ್ಬನಿಂದ ಅದನ್ನು ಎರವಲು ತಂದು, ಲ್ಯಾಪ್‌ಟಾಪನ್ನು ಗೋಡೆಯ ಚಪ್ಪಟೆ ಟಿವಿಗೆ ಸೇರಿಸಿದ.

“ನಿಂತುಕೊಂಡೇ ಆಡಬಹುದು. ಕೈ ಎತ್ತಲೇಬೇಕು. ಚಿತ್ರಾನೂ ಅದರ ಎರಡರಷ್ಟು. ಈಗ ಹೇಳಣ್ಣ.”

“ಆಡ್ಲಿ, ನೋಡೋಣ,” ಅಂದ ಅಣ್ಣ.

ಅತ್ತಿಗೆ ನಿಂತಳು, ಕೈ ಎತ್ತಿದಳು, ಹೊಡೆದಳು. ಕಿಂಡಿಯಲ್ಲಿ ನೇತುಬಿದ್ದಿದ್ದ ಬಾವಲಿ ಬಿತ್ತು. ಹಾರಿದ್ದು ಬೀಳಲಿಲ್ಲ. ಇನ್ನೊಂದು ಹಾರಿತು, ಅದೂ ಬೀಳಲಿಲ್ಲ. ಕಾವಲುಗಾರ ಬಂದ, ಹೋದ, ಮತ್ತೆ ಬಂದ. ದೊಡ್ಡ ಟಿವಿಯಲ್ಲಿ ಅವನ ಹೊಟ್ಟೆಯೂ ದೊಡ್ಡದಾಗಿತ್ತು. ಅತ್ತಿಗೆ ಪಿಸ್ತೂಲು ಇಳಿಸಿ ತನ್ನ ಬಲಗೈಯನ್ನು ನೋಡಿಕೊಂಡಳು.

“ಮೊನ್ನೆವರೆಗೂ ಸರಿಯಾಗಿತ್ತು,” ಅಂದಳು ಮೆಲ್ಲಗೆ. “ಮತ್ತೆ ಶುರುವಾಯ್ತು ಇದು.”

ಅಷ್ಟು ಹೇಳಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಪಾತ್ರೆ ಏನೂ ಇರಲಿಲ್ಲ, ನೀರು ಮಾತ್ರ ಸುರಿಯುತ್ತಿತ್ತು.

ಪುಟಾಣಿ ಟಿವಿ ಆರಿಸಿದ. ಇಷ್ಟು ದೂರ ಬಂದವಳು ಮತ್ತೆ ಕಿಟಕಿಯ ಬಳಿ ಹೋಗಿ ಕೂತರೆ? ಮರುದಿನ ಮಧ್ಯಾಹ್ನ ಅವಳು ಮಲಗಿದ್ದಾಗ ಅವನು ಎಮ್ಯುಲೇಟರಿನ ಒಳಗಿನ ಸೆಟ್ಟಿಂಗ್ ತೆರೆದ. ಆಟದಲ್ಲಿ ಬಾವಲಿಗೆ ಎಷ್ಟು ಹತ್ತಿರ ಹೊಡೆದರೆ ಅದು ಬೀಳಬೇಕು ಅನ್ನುವುದಕ್ಕೆ ಒಂದು ಅಳತೆ ಇರುತ್ತದೆ. ಅಸಲಿ ಯಂತ್ರದಲ್ಲಿ ಅದನ್ನು ದೇವರು ಬಂದರೂ ಮುಟ್ಟಲಾಗದು. ಇಲ್ಲಿ ಬೆರಳ ತುದಿಯಲ್ಲಿ ಬದಲಿಸಬಹುದು. ಪುಟಾಣಿ ಬದಲಿಸಿದ. ಕಳ್ಳತನ ಅಂತ ಅವನಿಗೆ ಅನ್ನಿಸಲಿಲ್ಲ. ಅನ್ನ ಬಡಿಸುವಾಗ ಒಂದು ಸೌಟು ಜಾಸ್ತಿ ಹಾಕಿದ ಹಾಗೆ ಅನ್ನಿಸಿತು.

ಆ ಸಂಜೆ ಬಾವಲಿಗಳು ಪಟಪಟನೆ ಉದುರಿದವು. ಅತ್ತಿಗೆಗೆ ಮೊದಲು ನಂಬಿಕೆಯಾಗಲಿಲ್ಲ. ಆಮೇಲೆ ಮುಖ ಅರಳಿತು. ಆಮೇಲೆ ಹಳೆಯ ಹಾಗೆ ಅಣ್ಣನ ಬೋಳುತಲೆಗೆ ಟವೆಲು ಎಸೆದು, “ಏನ್ರೀ, ನೋಡಿದ್ರಾ?” ಅಂದಳು. ದಿನವೂ ಹೀಗೇ ನಡೆಯಿತು. ಶನಿವಾರ ಅವಳು ಫೋನ್ ತೆಗೆದುಕೊಂಡು ಯಜಮಾನಿಗೆ ಹೇಳಿಯೇಬಿಟ್ಟಳು. “ಮೇಡಂ, ಸೋಮವಾರ ಬರ್ತೀನಿ. ಕೈ ಸರಿಹೋಗಿದೆ.”

ಒಂದು ಸೌಟು ಅನ್ನದ ಮಾತು ಇಲ್ಲಿಗೆ ಬಂದು ನಿಲ್ಲುತ್ತದೆ ಅಂತ ಪುಟಾಣಿ ಕನಸಲ್ಲೂ ಎಣಿಸಿರಲಿಲ್ಲ. ಇವತ್ತು ಹೇಳೋಣ, ಊಟ ಆದ ಮೇಲೆ ಹೇಳೋಣ, ನಾಳೆ ಬೆಳಿಗ್ಗೆ ಹೇಳೋಣ ಅಂತ ಮುಂದೂಡಿದ. ಭಾನುವಾರ ಬೆಳಿಗ್ಗೆ ಅತ್ತಿಗೆಯೇ ಅವನ ಎದುರು ಬಂದು ನಿಂತಳು. ಕೈಯಲ್ಲಿ ಬಾಚಣಿಗೆ, ಕತ್ತರಿ, ಹೆಗಲ ಮೇಲೆ ಬಿಳಿ ಬಟ್ಟೆ.

“ನಾಳೆ ಅಲ್ಲಿ ಕುರ್ಚಿ ಹಿಡಿಯೋಕೆ ಮುಂಚೆ ಒಂದು ತಲೆ ಬೇಕು. ನಿಮ್ಮಣ್ಣನ ತಲೇಲಿ ಕತ್ತರಿಗೆ ಕೆಲಸ ಇಲ್ಲ. ಬಾ.”

ಕನ್ನಡಿಯ ಮುಂದೆ ಕುರ್ಚಿ ಹಾಕಿ, ಬಟ್ಟೆ ಕಟ್ಟಿ, ನೀರು ಚಿಮುಕಿಸಿ, ಬಾಚಿದಳು. ಬಲಗೈ ಮೇಲೆದ್ದಿತು. ಕತ್ತರಿಯ ತುದಿ ಕಿವಿಯ ಹತ್ತಿರ ಬಂತು. ಪುಟಾಣಿಗೆ ಕಿವಿಯ ಭಯ ಇರಲಿಲ್ಲ ಅಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ದೊಡ್ಡ ಭಯ ನಾಳೆಯದು. ಯಜಮಾನಿ ನೋಡುತ್ತಿರುವಾಗ ಈ ಕೈ ನಡುವಲ್ಲೇ ಸೋತು ಬಿದ್ದರೆ ಕುರ್ಚಿ ಹೋಗುತ್ತದೆ, ಮತ್ತು ಯಾಕೆ ಹೋಯಿತು ಅನ್ನುವುದೇ ಅವಳಿಗೆ ತಿಳಿಯುವುದಿಲ್ಲ.

“ಅತ್ತಿಗೆ, ಒಂದು ನಿಮಿಷ.”

“ಅಲ್ಲಾಡಬೇಡ.”

“ಅಲ್ಲಾಡಲ್ಲ. ಒಂದು ಮಾತು ಹೇಳ್ಬೇಕು. ಕತ್ತರಿ ಕೆಳಗಿಟ್ರೆ ಹೇಳ್ತೀನಿ.”

ಹೇಳಿದ. ತಡವರಿಸುತ್ತ, ಸೆಟ್ಟಿಂಗು, ಅಳತೆ ಅಂತ ಸುತ್ತಿ ಬಳಸಿ, ಕೊನೆಗೆ ನೇರವಾಗಿ. ಅತ್ತಿಗೆ ಕನ್ನಡಿಯಲ್ಲೇ ಅವನನ್ನು ನೋಡಿದಳು.

“ಎಷ್ಟು ದೊಡ್ಡದು ಮಾಡಿದ್ದೆ?”

“ಬಾವಲಿ ಇಷ್ಟಿದ್ರೆ...” ಅವನು ಬಟ್ಟೆಯ ಅಡಿಯಿಂದ ಕೈ ಹೊರತೆಗೆದ. “ಊಟದ ತಟ್ಟೆಯಷ್ಟು.”

ಅವಳು ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಕೂಗಾಡಲಿಲ್ಲ. “ನನಗೆ ಗೆಲ್ಲೋದು ಬೇಕಾಗಿರ್ಲಿಲ್ಲ ಕಣೋ,” ಅಂದಳು. “ಕೈ ಸರಿ ಇದೆಯೋ ಇಲ್ವೋ ಅಂತ ಗೊತ್ತಾಗೋದು ಬೇಕಾಗಿತ್ತು. ಅದೊಂದನ್ನೇ ನೀನು ಕಿತ್ಕೊಂಡೆ.”

ಪುಟಾಣಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಬಾಗಿಲಲ್ಲಿ ಅಣ್ಣ ನಿಂತಿದ್ದ, ಎಲ್ಲವನ್ನೂ ಕೇಳಿಸಿಕೊಂಡಿದ್ದ. ‘ನಾನು ಹೇಳಲಿಲ್ಲವೇ’ ಅನ್ನುವ ಮಾತು ಅವನ ಬಾಯಿಂದ ಬರಬಹುದಿತ್ತು. ಬರಲಿಲ್ಲ. ಅದು ಇನ್ನೂ ಕಷ್ಟವಾಯಿತು.

“ಅದನ್ನ ತೆಗಿ,” ಅಂದಳು ಅತ್ತಿಗೆ. “ಇರೋ ಹಾಗೆ ಮಾಡು. ನಾನು ಹೊಡೀತೀನಿ. ಇವತ್ತೇ ಗೊತ್ತಾಗ್ಲಿ.”

ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡೇ ಪುಟಾಣಿ ಲ್ಯಾಪ್‌ಟಾಪಿನ ಮುಂದೆ ಕೂತ. ಅಳತೆಯನ್ನು ಮೊದಲಿನಂತೆ ಮಾಡಿದ. ಅತ್ತಿಗೆ ಹೊಡೆದಳು. ನೇತುಬಿದ್ದವು ಬಿದ್ದವು, ಹಾರುವವು ತಪ್ಪಿದವು. ಅವಳ ಮುಖ ಕಪ್ಪಿಟ್ಟಿತು. ಆದರೂ ಕೈ ಇಳಿಸಲಿಲ್ಲ, ಹೊಡೆಯುತ್ತಲೇ ಇದ್ದಳು. ಆ ಕೈಯನ್ನು ಪುಟಾಣಿ ಮೊದಲ ಬಾರಿಗೆ ಸರಿಯಾಗಿ ನೋಡಿದ. ಇಷ್ಟು ದಿನ ಅವನು ಬಾವಲಿಗಳನ್ನೇ ನೋಡುತ್ತಿದ್ದ. ಕೈ ನಡುಗುತ್ತಿರಲಿಲ್ಲವಲ್ಲ.

“ನಿಲ್ಲಿ ಅತ್ತಿಗೆ. ಹೊಡೀಬೇಡಿ, ಒಂದು ಸಲ ನಿಲ್ಲಿ.”

ಎಮ್ಯುಲೇಟರಿನಲ್ಲಿ ಅಸಲಿ ಯಂತ್ರಕ್ಕಿಲ್ಲದ ಒಂದು ಶಕ್ತಿಯಿದೆ. ನಡೆದುಹೋದ ಆಟವನ್ನು ಹಿಂದಕ್ಕೆ ಎಳೆದು, ಒಂದೊಂದೇ ಚಿತ್ರವಾಗಿ ಬಿಡಿಸಿ ನೋಡಬಹುದು. ಪುಟಾಣಿ ಹಿಂದಕ್ಕೆ ಎಳೆದ. ಹೊಡೆತ ಬಿದ್ದ ಜಾಗಕ್ಕೆ ಕೆಂಪು ಚುಕ್ಕಿ ಕಾಣುವ ಹಾಗೆ ಮಾಡಿದ. ಮೊದಲ ಬಾವಲಿ ಎಡಕ್ಕೆ ಹಾರುತ್ತಿತ್ತು, ಚುಕ್ಕಿ ಅದರ ಬಾಲದ ಹಿಂದೆ. ಎರಡನೆಯದು ಬಲಕ್ಕೆ, ಚುಕ್ಕಿ ಮತ್ತೆ ಬಾಲದ ಹಿಂದೆ, ಅಷ್ಟೇ ದೂರದಲ್ಲಿ. ಮೂರನೆಯದು ನೇರ ಮೇಲಕ್ಕೆ, ಚುಕ್ಕಿ ಅದರ ಕೆಳಗೆ. ಮತ್ತೆ ಅಷ್ಟೇ ದೂರ. ಅವನು ಎದ್ದು ಹೋಗಿ ಟಿವಿಯ ಮೇಲೇ ಬೆರಳಿಟ್ಟು ಅಳೆದ.

“ಸೋತ ಕೈ ಅಲ್ಲೊಂದು ಇಲ್ಲೊಂದು ಹೊಡೆಯುತ್ತೆ. ಇದು ನೋಡಿ, ಪ್ರತಿ ಸಲವೂ ಅದೇ ಜಾಗ. ಬಾವಲಿ ನಿಮಗೆ ಎಲ್ಲಿ ಕಂಡಿತೋ ಸರಿಯಾಗಿ ಅಲ್ಲೇ ಹೊಡೆದಿದೀರಿ ನೀವು. ಆದರೆ ಈ ಟಿವಿ ನಿಮಗೆ ತೋರಿಸಿದ್ದೇ ತಡವಾಗಿ. ನೀವು ನೋಡೋ ಹೊತ್ತಿಗೆ ಅದು ಮುಂದೆ ಹೋಗಿರ್ತಿತ್ತು.”

ಅತ್ತಿಗೆಗೆ ತಕ್ಷಣ ಅರ್ಥವಾಗಲಿಲ್ಲ. ಅಣ್ಣನಿಗೆ ಆಯಿತು. ಅವನು ಹತ್ತಿರ ಬಂದು ಕೆಂಪು ಚುಕ್ಕಿಗಳನ್ನು ಒಂದೊಂದಾಗಿ ನೋಡಿದ.

“ಅಂದ್ರೆ ತಪ್ಪು ಕೈದಲ್ಲ,” ಅಂದ.

“ನಂದು,” ಅಂದ ಪುಟಾಣಿ. “ಪಿಸ್ತೂಲು ಹೊಸದು ತಂದೆ, ಟಿವಿ ಸಿಂಗಾರ ಮಾಡ್ಕೊಂಡು ಕೂರುತ್ತೆ ಅನ್ನೋದು ಗೊತ್ತಿದ್ದೂ ಮರೆತೆ. ನನ್ನ ಯಂತ್ರ ತಪ್ಪು ಮಾಡುತ್ತೆ ಅಂತ ತಲೆಗೇ ಬರ್ಲಿಲ್ಲ. ನಿಮ್ಮ ಕೈ ಮೇಲೆ ಅನುಮಾನ ಪಟ್ಟೆ. ಆಮೇಲೆ ದೊಡ್ಡ ಮನಸ್ಸು ಮಾಡಿದವನ ಹಾಗೆ ಅಳತೆ ಬೇರೆ ದೊಡ್ಡದು ಮಾಡಿದೆ.”

“ಇದೆಲ್ಲ ನಿನ್ನ ಬಾಯಿಮಾತು,” ಅಂದಳು ಅತ್ತಿಗೆ. “ನಿನ್ನ ಮಾತನ್ನ ನಾನು ಈಗ ಹೇಗೆ ನಂಬ್ಲಿ?”

ನ್ಯಾಯವಾದ ಮಾತು. ನಂಬಬೇಕಾದರೆ ಒಂದೇ ದಾರಿ, ಡಬ್ಬಾ ಟಿವಿ ಬೇಕು. ಕೆಳಗಿನ ಲಾಂಡ್ರಿ ಅಂಗಡಿಯಲ್ಲಿ ಒಂದಿತ್ತು. ಇಸ್ತ್ರಿ ಮಾಡುತ್ತ ಸುದ್ದಿ ನೋಡಲು ಅಂಗಡಿಯವನು ಇಟ್ಟುಕೊಂಡದ್ದು. ಅಣ್ಣತಮ್ಮ ಇಬ್ಬರೂ ಓಡಿದರು. ಲಾಂಡ್ರಿಯವನು ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಒಬ್ಬ ಬೋಳುತಲೆಯವನು, ಇನ್ನೊಬ್ಬ ಒದ್ದೆ ತಲೆಯ, ಕೊರಳಿಗೆ ಬಟ್ಟೆ ಕಟ್ಟಿಕೊಂಡ ಗಜಗಾತ್ರದವನು.

“ಟಿವಿ ಕೊಡ್ತೀನಿ. ಆದ್ರೆ ನಾನೂ ಬರ್ತೀನಿ. ನೀವು ಅದನ್ನ ಏನು ಮಾಡ್ತೀರೋ ನನಗೇನು ಗೊತ್ತು?”

ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡುವ ಅಣ್ಣನ ಕಟ್ಟಡಕ್ಕೆ ಲಿಫ್ಟಿಲ್ಲ. ಇಬ್ಬರೂ ಆ ಭಾರವನ್ನು ಎದೆಗವಚಿಕೊಂಡು, ಮೆಟ್ಟಿಲು ಮೆಟ್ಟಿಲಿಗೂ “ನಿನ್ನ ಕಡೆ ಎತ್ತೋ”, “ನೀನು ಬಿಡಬೇಡಣ್ಣ” ಅಂತ ಏದುಸಿರು ಬಿಡುತ್ತ ಮೇಲೆ ತಂದರು. ಎಷ್ಟೋ ವರ್ಷಗಳಲ್ಲಿ ಅವರಿಬ್ಬರೂ ವಿಡಿಯೋ ಗೇಮಿನ ವಿ‍ಷಯದಲ್ಲಿ ಒಂದೇ ಕಡೆ ಕೈ ಹಚ್ಚಿದ್ದು ಅದೇ ಮೊದಲು. ಹಳೆಯ ಪೆಟ್ಟಿಗೆ ಜೋಡಿಸಿ, ಕ್ಯಾಸೆಟ್ಟು ಊದಿ ಸಿಕ್ಕಿಸಿ, ಹಳೆಯ ಪಿಸ್ತೂಲನ್ನು ಅಣ್ಣ ಹೆಂಡತಿಯ ಕೈಗೆ ಕೊಟ್ಟ.

ಗೋಪುರ ಬಂತು. ಮೊದಲ ಬಾವಲಿ ಎಡಕ್ಕೆ ಹಾರಿತು, ಬಿತ್ತು. ಎರಡನೆಯದು ಬಲಕ್ಕೆ ಹಾರಿತು, ಬಿತ್ತು. ಅತ್ತಿಗೆಯ ಕೈ ಕಣ್ಣಿನ ಮಟ್ಟದಲ್ಲಿ ಆಚೀಚೆ ತಿರುಗುತ್ತಿತ್ತು, ಅವಸರವಿಲ್ಲದೆ, ತೂಗುವ ಬಾಗಿಲಿನ ಹಾಗೆ. “ಮೇಡಂ, ಮೇಲ್ಗಡೆ ಒಂದಿದೆ,” ಅಂದ ಲಾಂಡ್ರಿಯವನು. ಅವನು ಹೇಳುವಷ್ಟರಲ್ಲಿ ಅದೂ ಬಿದ್ದಿತ್ತು. ಒಂದೆರಡು ತಪ್ಪಿದವು, ಕಾವಲುಗಾರ ಬಂದು ತಲೆ ಅಲ್ಲಾಡಿಸಿದ. ಅತ್ತಿಗೆ ಅವನನ್ನು ನೋಡಿ ನಕ್ಕಳು. ತಪ್ಪಿದ್ದೂ ನಿಜವಾದ ತಪ್ಪು ಅನ್ನುವುದೇ ಅವಳಿಗೆ ಸಂತೋಷ ಕೊಟ್ಟಂತಿತ್ತು. ಪುಟಾಣಿಗೆ ಇಂಥದ್ದನ್ನು ತಾನು ಯಾವ ಪರದೆಯ ಮೇಲೂ ನೋಡಿಲ್ಲ ಅನ್ನಿಸಿತು, ಮತ್ತು ಅವನು ಪರದೆಯನ್ನು ನೋಡುತ್ತಲೂ ಇರಲಿಲ್ಲ.

ಅವಳು ಪಿಸ್ತೂಲು ಕೆಳಗಿಟ್ಟು ಕತ್ತರಿ ಎತ್ತಿಕೊಂಡಳು.

“ಬಾ, ಕೂತ್ಕೋ. ತಲೆ ಒಣಗಿ ಹೋಯ್ತು.”

ಪುಟಾಣಿ ಕೂತ. ಈ ಸಲ ಕಣ್ಣು ಮುಚ್ಚಿಕೊಂಡ. ಕತ್ತರಿಯ ಸದ್ದು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ನಿಧಾನವಾಗಿ ಬಂತು, ಮೊದಲಿಗಿಂತ ನಿಧಾನವಾಗಿ. ನಡುವೆ ಎರಡು ಸಲ ನಿಂತಿತು. ಅವಳು ಕೈ ಕೆಳಗಿಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಎತ್ತಿದಳು. ಮುಗಿದ ಮೇಲೆ ನೋಡಿದರೆ ತಲೆ ತಲೆಯ ಹಾಗೇ ಇತ್ತು, ಕಿವಿಗಳೂ ಎರಡಿದ್ದವು. ಆದರೆ ಪೊರಕೆ ಹಿಡಿಯಲು ಅವಳಿಗೆ ಆಗಲಿಲ್ಲ. ಉದುರಿದ ಕೂದಲನ್ನು ಪುಟಾಣಿಯೇ ಗುಡಿಸಿದ.

“ಒಂದು ತಲೆಗೇ ಇಷ್ಟು ನೋವು,” ಅಂದಳು ಭುಜ ಒತ್ತಿಕೊಳ್ಳುತ್ತ. “ನಾಳೆ ಅವರ ಮುಂದೆ ಹೇಗೋ ಏನೋ.”

“ಅತ್ತಿಗೆ, ನಾನು ಮಾಡಿದ್ದು...”

“ಮಾಡಿದ್ದಾಯ್ತು. ಇನ್ನೊಂದು ಸಲ ನನ್ನ ಮೇಲೆ ಕನಿಕರ ಬಂದ್ರೆ ಬಾಯಿ ಬಿಟ್ಟು ಹೇಳು, ಹಿಂದಿನಿಂದ ಅಳತೆ ತಿದ್ದಬೇಡ.”

ಸೋಮವಾರ ಪುಟಾಣಿ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಸಲೂನಿನ ಬೆಂಚಿನ ಮೇಲೆ ಒಂದು ವಾರಪತ್ರಿಕೆ ಹಿಡಿದು ಕೂತ. ನಿನ್ನೆಯಷ್ಟೇ ಕತ್ತರಿಸಿದ ತಲೆ ಹೊತ್ತು ಇಲ್ಲಿ ಯಾಕೆ ಕೂತಿದ್ದಾನೆ ಅಂತ ಅಕ್ಕಪಕ್ಕದವರು ನೋಡಿದರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಅತ್ತಿಗೆ ಕಿಟಕಿ ಪಕ್ಕದ ಕುರ್ಚಿಯ ಹಿಂದೆ ನಿಂತಿದ್ದಳು. ಯಾವ ಗಿರಾಕಿಯನ್ನು ಕೊಡುತ್ತಾರೋ ಅಂತ ಕಾಯುತ್ತಿದ್ದಳು. ಯಜಮಾನಿ ಬೆಂಚಿನ ಕಡೆ ಒಮ್ಮೆ ನೋಡಿ, ಯಾರನ್ನೂ ಕರೆಯದೆ, ತಾನೇ ಹೋಗಿ ಆ ಕುರ್ಚಿಯಲ್ಲಿ ಕೂತಳು.

“ನನ್ನ ತಲೆಗೇ ಮಾಡು,” ಅಂದಳು.

ಸಲೂನಿನ ಉಳಿದ ಕತ್ತರಿಗಳು ಮೆಲ್ಲಗೆ ಸುಮ್ಮನಾದವು. ಅತ್ತಿಗೆ ಬಾಚಿದಳು, ಕೂದಲನ್ನು ಭಾಗ ಮಾಡಿ ಕ್ಲಿಪ್ ಹಾಕಿದಳು, ಕೈ ಎತ್ತಿದಳು. ಯಜಮಾನಿಯ ಕೂದಲು ದಟ್ಟ, ಉದ್ದ. ಕೆಲಸ ಬೇಗ ಮುಗಿಯುವಂಥದ್ದಲ್ಲ. ಅರ್ಧಕ್ಕೆ ಬಂದಾಗ ಅತ್ತಿಗೆಯ ಮೇಲಿನ ತುಟಿಯ ಮೇಲೆ ಬೆವರು ಮೂಡಿತು. ಪುಟಾಣಿಗೆ ಎದ್ದು ಹೋಗಿ ಆ ಮೊಣಕೈಗೆ ತನ್ನ ಕೈ ಆಸರೆ ಕೊಡಬೇಕು ಅನ್ನಿಸಿತು. ಕೊಡಬಾರದು ಅಂತಲೂ ಗೊತ್ತಿತ್ತು. ಕೂತೇ ಇದ್ದ.

ಕೊನೆಗೆ ಕತ್ತರಿ ನಿಂತಿತು. ಅತ್ತಿಗೆ ಕೈಗನ್ನಡಿ ತೆಗೆದುಕೊಂಡು, ಹಿಂದಲೆ ಕಾಣುವ ಹಾಗೆ ಯಜಮಾನಿಯ ತಲೆಯ ಹಿಂದೆ ಎತ್ತಿ ಹಿಡಿದಳು. ಬಲಗೈಯಲ್ಲೇ ಹಿಡಿದಳು. ಯಜಮಾನಿ ಎದುರಿನ ದೊಡ್ಡ ಕನ್ನಡಿಯಲ್ಲಿ ಕೈಗನ್ನಡಿಯನ್ನು ಬಹಳ ಹೊತ್ತು ನೋಡಿದಳು. ಕೂದಲು ನೋಡಿಕೊಳ್ಳಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಅವಳು ನೋಡುತ್ತಿದ್ದದ್ದು ಕೂದಲನ್ನಲ್ಲ, ಅದರೊಳಗಿನ ಚಿತ್ರ ಅಲ್ಲಾಡುತ್ತದೆಯೋ ಅನ್ನುವುದನ್ನು. ಅತ್ತಿಗೆಯ ದವಡೆ ಬಿಗಿದಿತ್ತು. ಚಿತ್ರ ಅಲ್ಲಾಡಲಿಲ್ಲ. ಯಜಮಾನಿ ನೋಡುತ್ತಲೇ ಇದ್ದಳು, ಚಿತ್ರ ಅಲ್ಲಾಡಲಿಲ್ಲ.

ಯಜಮಾನಿ ಕೊರಳಿನ ಬಟ್ಟೆಯನ್ನು ತಾನೇ ಬಿಚ್ಚಿ ಎದ್ದು, ಬೆಂಚಿನ ಕಡೆ ತಿರುಗಿದಳು.

“ಮುಂದಿನವರು ಯಾರು? ಕಿಟಕಿ ಕುರ್ಚಿಗೆ ಬನ್ನಿ.”

ಪುಟಾಣಿಗೆ ಅಳು ಬಂತು. ವಾರಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ಅತ್ತಿಗೆ ಕೈಗನ್ನಡಿ ಕೆಳಗಿಟ್ಟು, ಬಟ್ಟೆಯನ್ನು ಒಮ್ಮೆ ಜೋರಾಗಿ ಕೊಡವಿ, ಬಂದವರಿಗೆ ಕುರ್ಚಿ ತಿರುಗಿಸಿ ಕೊಟ್ಟಳು.